‘ದಿ ಕ್ಯಾಂಪೇನ್ ಟ್ರೇಲ್’: ಆಲ್ ಗೋರ್ ಅವರನ್ನು ಗೆಲ್ಲಿಸಬಹುದಾದ ಆಟ

ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಸೋತವರು ಗೆದ್ದಿದ್ದರೆ ಏನಾಗುತ್ತಿತ್ತು ಎಂಬ ಕುತೂಹಲವಿರುವವರು ಆಡಲೇಬೇಕಾದ ಆಟ ‘ದಿ ಕ್ಯಾಂಪೇನ್ ಟ್ರೇಲ್’. ಇದಕ್ಕೆ ಹಣ ಕೊಡಬೇಕಿಲ್ಲ, ಬ್ರೌಸರ್‌ನಲ್ಲೇ ಆಡಬಹುದು. ವರ್ಷ, ಅಭ್ಯರ್ಥಿ ಮತ್ತು ಉಪಾಧ್ಯಕ್ಷ ಸ್ಥಾನದ ಜೊತೆಗಾರರನ್ನು ಆರಿಸಿಕೊಂಡ ಮೇಲೆ ಪ್ರಚಾರದ ಸಂದರ್ಭಗಳು ಪ್ರಶ್ನೆಗಳಾಗಿ ಒಂದರ ಹಿಂದೊಂದು ಬರುತ್ತವೆ; ಒಂದು ರಾಜ್ಯದಲ್ಲಿ ಮತ ತಂದುಕೊಡುವ ಉತ್ತರವೇ ಮತ್ತೊಂದು ರಾಜ್ಯದಲ್ಲಿ ಮತ ಕಳೆಯುತ್ತದೆ.

ನಾನು ಹೆಚ್ಚಾಗಿ ಆಡಿದ್ದು 2000ದ ಚುನಾವಣೆಯನ್ನು, ಅದೂ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಆಲ್ ಗೋರ್ ಪರವಾಗಿ. ದೇಶದ ಒಟ್ಟು ಮತಗಳಲ್ಲಿ ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಅವರಿಗಿಂತ ಐದು ಲಕ್ಷಕ್ಕೂ ಹೆಚ್ಚು ಮುಂದಿದ್ದ ಗೋರ್, ಫ್ಲೋರಿಡಾದಲ್ಲಿ 537 ಮತಗಳಿಂದ ಹಿಂದೆ ಬಿದ್ದು ಆ ರಾಜ್ಯದ 25 ಎಲೆಕ್ಟೋರಲ್ ಮತಗಳನ್ನೂ ಅಧ್ಯಕ್ಷ ಪದವಿಯನ್ನೂ ಕಳೆದುಕೊಂಡರು. ಅಧ್ಯಕ್ಷರು ಯಾರೆಂದು ನಿರ್ಧರಿಸುವುದು ಒಟ್ಟು ಮತವಲ್ಲ, ರಾಜ್ಯಗಳಿಗೆ ಹಂಚಿದ ಈ ಎಲೆಕ್ಟೋರಲ್ ಮತಗಳು; ಬಹುತೇಕ ರಾಜ್ಯಗಳಲ್ಲಿ ಗೆದ್ದವರಿಗೇ ಅವೆಲ್ಲವೂ ಸೇರುತ್ತವೆ. ಈ ಸೋಲಿನ ಕಥೆ ಸಾಮಾನ್ಯವಾಗಿ ಫ್ಲೋರಿಡಾದಲ್ಲೇ ನಿಂತುಬಿಡುತ್ತದೆ. ಆದರೆ ನಕ್ಷೆಯನ್ನು ಎದುರಿಗಿಟ್ಟುಕೊಂಡು ಯಾವ ರಾಜ್ಯಕ್ಕೆ ಪ್ರಚಾರಕ್ಕೆ ಹೋಗಬೇಕೆಂದು ಯೋಚಿಸುವಾಗ ಕಣ್ಣು ನ್ಯೂ ಹ್ಯಾಂಪ್‌ಶೈರ್ ಕಡೆಗೂ ಹೋಗುತ್ತದೆ. ಅಲ್ಲಿ ಬುಷ್ ಗೆದ್ದದ್ದು 7,211 ಮತಗಳಿಂದ. ಗೋರ್ ಕಡೆಗೆ ಬರಬಹುದಾಗಿದ್ದ ಮತಗಳನ್ನು ಸೆಳೆದ ಗ್ರೀನ್ ಪಕ್ಷದ ರಾಲ್ಫ್ ನೇಡರ್ ಪಡೆದದ್ದು 22 ಸಾವಿರಕ್ಕೂ ಹೆಚ್ಚು. ಆ ಪುಟ್ಟ ರಾಜ್ಯದ 4 ಎಲೆಕ್ಟೋರಲ್ ಮತ ದಕ್ಕಿದ್ದರೆ ಫ್ಲೋರಿಡಾ ಬೇಕೇ ಇರಲಿಲ್ಲ. ಗೋರ್ ಅವರ ತವರು ಟೆನೆಸ್ಸಿ ಕೈಹಿಡಿದಿದ್ದರೂ ಅಷ್ಟೇ. ಪುಸ್ತಕಗಳಲ್ಲಿ ಎಷ್ಟು ಓದಿದರೂ ಮನಸ್ಸಿಗೆ ಇಳಿಯದ ಈ ಲೆಕ್ಕವನ್ನು ಆಟ ಸೊಗಸಾಗಿ ಮನವರಿಕೆ ಮಾಡಿಕೊಡುತ್ತದೆ.

ಆದರೆ ಈ ಆಟಕ್ಕೆ ಮತದ ಲೆಕ್ಕ ಗೊತ್ತು, ಮತಪತ್ರ ಗೊತ್ತಿಲ್ಲ. ಫ್ಲೋರಿಡಾದ ಪಾಮ್ ಬೀಚ್ ಕೌಂಟಿಯ ಮತಪತ್ರದಲ್ಲಿ ಹೆಸರುಗಳು ಎಡಬಲ ಪುಟಗಳಲ್ಲಿದ್ದವು, ತೂತು ಹಾಕುವ ಸಾಲು ನಡುವೆ ಇತ್ತು. ಎಡಪುಟದಲ್ಲಿ ಗೋರ್ ಹೆಸರು ಎರಡನೆಯದಾದರೂ ಅವರ ತೂತು ಮೂರನೆಯದು. ಎರಡನೆಯ ತೂತು ಬಲಪುಟದಲ್ಲಿದ್ದ ರಿಫಾರ್ಮ್ ಪಕ್ಷದ ಅಭ್ಯರ್ಥಿ ಪ್ಯಾಟ್ ಬ್ಯುಕ್ಯಾನನ್ ಅವರದು. ಹಾಗಾಗಿ ಗೋರ್‌ಗೆಂದು ಹಾಕಿದ ತೂತು ಬ್ಯುಕ್ಯಾನನ್ ಪಾಲಾಗುವುದು ಸುಲಭವಿತ್ತು. ಆ ಕೌಂಟಿಯಲ್ಲಿ ಬ್ಯುಕ್ಯಾನನ್ ಅವರಿಗೆ 3,400ಕ್ಕೂ ಹೆಚ್ಚು ಮತ ಬಿದ್ದವು. ಫ್ಲೋರಿಡಾದ ಮತಗಳ ಮರುಎಣಿಕೆಯ ಜಗಳ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟಿನ 5–4ರ ತೀರ್ಪಿನಲ್ಲಿ ಮುಗಿಯಿತು. ಇಷ್ಟೆಲ್ಲ ನಡೆದ ಚುನಾವಣೆಯನ್ನು ಬರೀ ಪ್ರಚಾರದ ಜಾಣ್ಮೆಯ ಪರೀಕ್ಷೆಯಾಗಿ ಕಾಣುವುದು ಸರಿಯಲ್ಲ ಎಂದೇ ನನಗೆ ಅನ್ನಿಸುತ್ತದೆ.

ಗೆದ್ದ ನಂತರದ ಕಥೆಯನ್ನು ಬೆಳೆಸುವ ಗೋಜಿಗೂ ಆಟ ಹೋಗುವುದಿಲ್ಲ, ನಿಜವಾದ ಸ್ವಾರಸ್ಯ ಶುರುವಾಗುವುದೇ ಅಲ್ಲಿಂದ. ಗೋರ್ ಜೊತೆಗಾರ ಜೋ ಲೀಬರ್‌ಮನ್ ಅದೇ ದಿನ ಕನೆಕ್ಟಿಕಟ್‌ನಿಂದ ಸೆನೆಟ್‌ಗೂ ಮರು ಆಯ್ಕೆಯಾಗಿದ್ದರು. ಸೆನೆಟ್ 50–50ರಲ್ಲಿ ನಿಂತಿತ್ತು. ಅವರು ಉಪಾಧ್ಯಕ್ಷರಾಗಿದ್ದರೆ ತೆರವಾದ ಸ್ಥಾನಕ್ಕೆ ಹೆಸರಿಸುವ ಅಧಿಕಾರ ಕನೆಕ್ಟಿಕಟ್‌ನ ರಿಪಬ್ಲಿಕನ್ ಗವರ್ನರ್ ಕೈಯಲ್ಲಿತ್ತು, ಅಂದರೆ ಸೆನೆಟ್ ಗೋರ್ ವಿರೋಧಿಗಳ ಕಡೆಗೆ ವಾಲಬಹುದಿತ್ತು. ಹವಾಮಾನ ಬದಲಾವಣೆ ತಡೆಯುವ ಕ್ಯೋಟೋ ಒಪ್ಪಂದದಂಥ ಷರತ್ತುಗಳ ವಿರುದ್ಧ 1997ರಲ್ಲೇ 95–0 ಮತಗಳಿಂದ ನಿರ್ಣಯ ಮಾಡಿದ್ದ ಸೆನೆಟ್, ಗೋರ್ ಗೆದ್ದರೆಂದು ಮೆತ್ತಗಾಗುತ್ತಿತ್ತೆಂದು ನಂಬಲಾರೆ. ಇರಾಕ್ ಯುದ್ಧದ ಮಾತು ಬೇರೆ. 2002ರ ಸೆಪ್ಟೆಂಬರ್‌ನಲ್ಲೇ ಗೋರ್ ಅದರ ವಿರುದ್ಧ ಬಹಿರಂಗವಾಗಿ ಮಾತನಾಡಿದ್ದರು.

ಇಷ್ಟಾದರೂ ಆಟವನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಮೊದಲ ಸಲ ಆಡುವವರು ಸಲಹೆಗಾರರ ಅಭಿಪ್ರಾಯ ತೋರಿಸುವ ಆಯ್ಕೆಯನ್ನು ಇಟ್ಟುಕೊಳ್ಳಲಿ, ಆಮೇಲೆ ಅದನ್ನು ತೆಗೆದು ಆಡಲಿ. ಯಾವ ಉತ್ತರ ಎಲ್ಲಿ ಏಟು ಕೊಟ್ಟಿತೆಂದು ತಿಳಿಯಲು ಆಗ ರಾಜ್ಯವಾರು ಫಲಿತಾಂಶವನ್ನೇ ಸಾಲುಸಾಲಾಗಿ ಓದಬೇಕಾಗುತ್ತದೆ.