ಹೇಗ್‌ನ ಶಾಂತಿಸೌಧ: ಕಾನೂನು ಅಧ್ಯಯನಕ್ಕೆ ಹೋಗುವವರಿಗಾಗಿ ಒಂದು ವಿಮರ್ಶೆ

ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿರುವ ಶಾಂತಿಸೌಧವನ್ನು ಪ್ರವಾಸಿ ತಾಣವೆಂದು ಪರಿಚಯಿಸುವ ಬರಹಗಳು ಬೇಕಾದಷ್ಟಿವೆ. ಆದರೆ ಅಂತರರಾಷ್ಟ್ರೀಯ ಕಾನೂನನ್ನು ಓದುವ ಮತ್ತು ಬೋಧಿಸುವ ನಮ್ಮಂಥವರಿಗೆ ಅಲ್ಲಿ ಯಾವ ಸೇವೆ ಸಿಗುತ್ತದೆ, ಅಷ್ಟು ದೂರದ ಪ್ರಯಾಣದ ಖರ್ಚಿಗೆ ಅದು ತಕ್ಕುದೇ ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರ ಸಿಗುವುದಿಲ್ಲ. ಅಧ್ಯಯನಕ್ಕೆಂದು ಹೋಗುವವರು ತಮ್ಮ ಸಮಯದ ಬಹುಪಾಲನ್ನು ಅಲ್ಲಿನ ಗ್ರಂಥಾಲಯಕ್ಕೂ ನ್ಯಾಯಾಲಯದ ಬಹಿರಂಗ ಕಲಾಪಕ್ಕೂ ಮೀಸಲಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಕೊಟ್ಟ 15 ಲಕ್ಷ ಡಾಲರ್ ದೇಣಿಗೆಯಿಂದ ಎದ್ದು ನಿಂತ ಈ ಸೌಧ 1913ರ ಆಗಸ್ಟ್ 28ರಂದು ಉದ್ಘಾಟನೆಗೊಂಡಿತು. ಇಂದು ಒಂದೇ ಆವರಣದಲ್ಲಿ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ನ್ಯಾಯಾಲಯ, 1899ರ ಹೇಗ್ ಸಮ್ಮೇಳನದ ಫಲವಾಗಿ ಹುಟ್ಟಿದ ಕಾಯಂ ಮಧ್ಯಸ್ಥಿಕೆ ನ್ಯಾಯಾಲಯ, ಬೇಸಿಗೆಯ ತರಗತಿಗಳಿಗೆ ಹೆಸರಾದ ಅಂತರರಾಷ್ಟ್ರೀಯ ಕಾನೂನು ಅಕಾಡೆಮಿ ಮತ್ತು ಗ್ರಂಥಾಲಯ ಇವೆ. ಹೆಬ್ಬಾಗಿಲ ಬಳಿಯ ಸಂದರ್ಶಕರ ಕೇಂದ್ರದಲ್ಲಿ ಧ್ವನಿ ವಿವರಣೆಯೊಂದಿಗೆ ಈ ಇತಿಹಾಸವನ್ನು ಅಚ್ಚುಕಟ್ಟಾಗಿ ಹೇಳುತ್ತಾರೆ. ಜೊತೆಗೆ ವಿದ್ಯಾರ್ಥಿಗಳು ಇದ್ದರೆ ಮೊದಲು ಅಲ್ಲಿಗೆ ಕರೆದುಕೊಂಡು ಹೋಗಬಹುದು. ವಿಷಯ ಬಲ್ಲವರಿಗೆ ಅಲ್ಲಿ ಹೆಚ್ಚು ಹೊತ್ತು ಬೇಕಾಗದು.

ಗ್ರಂಥಾಲಯದ ಮಾತೇ ಬೇರೆ. ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪುಗಳೂ ವಾದಪತ್ರಗಳೂ ಇಂದು ಅದರ ಜಾಲತಾಣದಲ್ಲೇ ಸಿಗುವಾಗ ಹೇಗ್‌ವರೆಗೆ ಏಕೆ ಹೋಗಬೇಕು ಎಂದು ಸಹೋದ್ಯೋಗಿಗಳು ಕೇಳುವುದುಂಟು. ಒಂದು ಪ್ರಕರಣವನ್ನು ಹಿಡಿದು ಹೇಳುತ್ತೇನೆ. ಪೋರ್ಚುಗೀಸ್ ವಸಾಹತುಗಳಾಗಿದ್ದ ದಾದ್ರಾ ಮತ್ತು ನಗರ ಹವೇಲಿಗೆ ಭಾರತದ ನೆಲದ ಮೂಲಕ ಹಾದುಹೋಗುವ ಹಕ್ಕು ತನಗಿದೆ ಎಂದು ಪೋರ್ಚುಗಲ್ ಹೂಡಿದ ದಾವೆ ಅದು. ಪೋರ್ಚುಗಲ್ ವಿಶ್ವಸಂಸ್ಥೆಯ ಸದಸ್ಯತ್ವ ಪಡೆದದ್ದು 1955ರ ಡಿಸೆಂಬರ್ 14ರಂದು. ಈ ನ್ಯಾಯಾಲಯದ ನ್ಯಾಯವ್ಯಾಪ್ತಿಯನ್ನು ಒಪ್ಪಿಕೊಳ್ಳುವ ಘೋಷಣೆ ಸಲ್ಲಿಸಿದ್ದು 19ರಂದು. ಭಾರತದ ವಿರುದ್ಧ ಅರ್ಜಿ ಹಾಕಿದ್ದು 22ರಂದು. ಘೋಷಣೆಯ ಪ್ರತಿ ಇತರ ರಾಷ್ಟ್ರಗಳ ಕೈಸೇರುವ ಮೊದಲೇ ದಾವೆ ಹೂಡಿದ್ದು ಸರಿಯಲ್ಲವೆಂದು ಭಾರತ ಎತ್ತಿದ ಪ್ರಾಥಮಿಕ ಆಕ್ಷೇಪಣೆಯನ್ನು ನ್ಯಾಯಾಲಯ 1957ರಲ್ಲಿ ತಳ್ಳಿಹಾಕಿತು. 1960ರ ಏಪ್ರಿಲ್ 12ರ ಅಂತಿಮ ತೀರ್ಪಿನಲ್ಲಿ, ಖಾಸಗಿ ವ್ಯಕ್ತಿಗಳು, ನಾಗರಿಕ ಅಧಿಕಾರಿಗಳು ಮತ್ತು ಸಾಮಾನ್ಯ ಸರಕಿನ ಮಟ್ಟಿಗೆ ಪೋರ್ಚುಗಲ್‌ಗೆ ಹಾದುಹೋಗುವ ಹಕ್ಕಿತ್ತೆಂದೂ, ಸೈನ್ಯ, ಸಶಸ್ತ್ರ ಪೊಲೀಸ್ ಹಾಗೂ ಮದ್ದುಗುಂಡುಗಳಿಗೆ ಆ ಹಕ್ಕಿರಲಿಲ್ಲವೆಂದೂ, ಭಾರತ ತನ್ನ ಬಾಧ್ಯತೆಗಳನ್ನು ಮೀರಿಲ್ಲವೆಂದೂ ಹೇಳಿತು. ಸೈನ್ಯದ ಕುರಿತ ನಿರ್ಣಯ ಕೇವಲ 8-7ರ ಬಹುಮತದಲ್ಲಿ ಬಂದದ್ದು. ಕಾರವಾರದ ಗಡಿಯಾಚೆ ಗೋವೆ ಇನ್ನೂ ಪೋರ್ಚುಗೀಸರ ಹಿಡಿತದಲ್ಲಿದ್ದ ಕಾಲವದು ಎಂಬುದನ್ನು ನೆನೆದರೆ ಆ ಒಂದು ಮತದ ಬೆಲೆ ಅರ್ಥವಾಗುತ್ತದೆ.

ಈ ಪ್ರಕರಣವನ್ನು ಜಾಲತಾಣದಲ್ಲಿ ಓದಿದರೆ ಕೈಗೆ ಬರುವುದು ದಾಖಲೆ ಮಾತ್ರ. ಗ್ರಂಥಾಲಯದಲ್ಲಾದರೆ ಆ ದಾಖಲೆಯೊಂದಿಗೆ ಹಳೆಯ ಒಪ್ಪಂದಗಳ ಸಂಪುಟಗಳು, ಯುರೋಪಿನ ವಿದ್ವಾಂಸರು ಬೇರೆ ಬೇರೆ ಭಾಷೆಗಳಲ್ಲಿ ಬರೆದ ಟೀಕೆಗಳು ಮತ್ತು ಈಗಿನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಮೊದಲಿದ್ದ ಕಾಯಂ ಅಂತರರಾಷ್ಟ್ರೀಯ ನ್ಯಾಯಾಲಯದ ವರದಿಗಳನ್ನು ಒಂದೇ ಮೇಜಿನ ಮೇಲೆ ಇಟ್ಟುಕೊಂಡು ತಾಳೆ ನೋಡಬಹುದು. ಹದಿನೇಳನೆಯ ಶತಮಾನದ ಡಚ್ ಕಾನೂನು ಚಿಂತಕ ಗ್ರೋಷಿಯಸ್‌ನ ಕೃತಿಗಳ ದೊಡ್ಡ ಸಂಗ್ರಹವೂ ಇಲ್ಲಿದೆ. ಪೂರ್ವದೇಶಗಳ ಸಮುದ್ರಮಾರ್ಗ ಪೋರ್ಚುಗೀಸರ ಸ್ವತ್ತಲ್ಲವೆಂದು ಆತ ಡಚ್ ವ್ಯಾಪಾರಿಗಳ ಪರವಾಗಿ ವಾದಿಸಿದ್ದು 1609ರಲ್ಲಿ. ಮುನ್ನೂರೈವತ್ತು ವರ್ಷಗಳ ಬಳಿಕ ಅದೇ ಪೋರ್ಚುಗಲ್ ಭಾರತದ ನೆಲದ ಮೇಲೆ ಹಾದಿ ಕೇಳಲು ಅವನ ನಾಡಿಗೇ ಬಂತು. ಈ ಎರಡನ್ನೂ ಒಟ್ಟಿಗೆ ಓದುವ ಅವಕಾಶ ನಮ್ಮ ಯಾವುದೇ ಕಾನೂನು ವಿದ್ಯಾರ್ಥಿಗೂ ಒಮ್ಮೆ ಸಿಗಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಕನ್ನಡ ನಾಡಿನವರು ಕೇಳಿ ಪಡೆಯಬೇಕಾದ ಇನ್ನೊಂದು ಸಂಪುಟ ಇರಾನಿನ ತೈಲ ರಾಷ್ಟ್ರೀಕರಣದ ಕುರಿತು ಬ್ರಿಟನ್ ಹೂಡಿದ್ದ, 1952ರಲ್ಲಿ ತೀರ್ಮಾನವಾದ ಆಂಗ್ಲೋ-ಇರಾನಿಯನ್ ತೈಲ ಕಂಪನಿ ಪ್ರಕರಣದ್ದು. ಮಂಗಳೂರಿನಲ್ಲಿ ಹುಟ್ಟಿ, ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗ ರಾಯರು ಆಗ ಈ ನ್ಯಾಯಾಲಯದ ನ್ಯಾಯಾಧೀಶರು. ಇದೇ ವಿವಾದ ಭದ್ರತಾ ಮಂಡಳಿಯ ಮುಂದೆ ಬಂದಿದ್ದಾಗ ತಾವು ಭಾರತದ ಪ್ರತಿನಿಧಿಯಾಗಿದ್ದ ಕಾರಣಕ್ಕೆ ಅವರು ವಿಚಾರಣೆಯಿಂದ ಹಿಂದೆ ಸರಿದರು. ನ್ಯಾಯಾಂಗದ ಶಿಸ್ತನ್ನು ಬೋಧಿಸುವಾಗ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ. ರಾಯರು 1953ರ ನವೆಂಬರ್‌ನಲ್ಲಿ ತೀರಿಕೊಂಡರು. ಅಲ್ಲಿ ಅವರಿಗೆ ದೊರೆತ ಅವಧಿ ಎರಡು ವರ್ಷವೂ ತುಂಬಲಿಲ್ಲ.

ಎರಡನೆಯ ದೊಡ್ಡ ಸೇವೆ ಬಹಿರಂಗ ಕಲಾಪ. ಗುರುತಿನ ಚೀಟಿ ತೋರಿಸಿ, ಭದ್ರತಾ ತಪಾಸಣೆ ಮುಗಿಸಿದವರಿಗೆ ಮಹಾ ನ್ಯಾಯಸಭಾಂಗಣದಲ್ಲಿ ಲಭ್ಯವಿರುವಷ್ಟು ಆಸನಗಳನ್ನು ಕೊಡುತ್ತಾರೆ. ನ್ಯಾಯಾಲಯದ ಆಗಮನವನ್ನು ಫ್ರೆಂಚ್‌ನಲ್ಲಿ ಘೋಷಿಸಿದೊಡನೆ ಎಲ್ಲರೂ ಎದ್ದು ನಿಲ್ಲುತ್ತಾರೆ. ವಾದ ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿ ನಡೆಯುತ್ತದೆ. ನಮ್ಮ ಹೈಕೋರ್ಟುಗಳಲ್ಲಿ ನ್ಯಾಯಮೂರ್ತಿಗಳು ವಕೀಲರನ್ನು ನಡುನಡುವೆ ತಡೆದು ಪ್ರಶ್ನಿಸುವುದಕ್ಕೆ ಒಗ್ಗಿಕೊಂಡವರಿಗೆ ಇಲ್ಲಿನ ಓಘ ಹೊಸದು. ವಕೀಲರು ಸಿದ್ಧಪಡಿಸಿದ ವಾದವನ್ನು ಓದುತ್ತಾ ಹೋಗುತ್ತಾರೆ, ಪೀಠದಿಂದ ಪ್ರಶ್ನೆ ಬರುವುದು ಅಪರೂಪ. ಪಾಕಿಸ್ತಾನದಲ್ಲಿ ಮರಣದಂಡನೆಗೆ ಗುರಿಯಾದ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣದ 2019ರ ತೀರ್ಪನ್ನು ಎಷ್ಟು ಸಲ ಓದಿದರೂ ಲಿಖಿತ ವಾದಪತ್ರಕ್ಕೆ ಇಲ್ಲಿ ಏಕೆ ಅಷ್ಟು ತೂಕ ಎಂಬುದು ಪುಸ್ತಕದಿಂದ ಪೂರ್ತಿ ತಿಳಿಯುವುದಿಲ್ಲ. ಒಂದು ಕಲಾಪ ನೋಡಿದರೆ ತಿಳಿಯುತ್ತದೆ.

ಕೊರತೆಗಳೂ ಇವೆ. ಕಾಯಂ ಮಧ್ಯಸ್ಥಿಕೆ ನ್ಯಾಯಾಲಯದ ವಿಚಾರಣೆಗಳು ಬಹುಮಟ್ಟಿಗೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತವೆ. ಬಂಗಾಳ ಕೊಲ್ಲಿಯ ಗಡಿ ಕುರಿತು ಭಾರತ ಮತ್ತು ಬಾಂಗ್ಲಾದೇಶಗಳ ನಡುವೆ 2014ರಲ್ಲಿ ಬಂದಂಥ ಐತೀರ್ಪುಗಳು (ಮಧ್ಯಸ್ಥಿಕೆಯ ತೀರ್ಪುಗಳು) ಪ್ರಕಟವಾಗುತ್ತವೆ ನಿಜ, ಆದರೆ ಸಂಶೋಧಕ ಕೂತು ನೋಡುವಂಥದ್ದು ಅಲ್ಲಿ ಹೆಚ್ಚಿಲ್ಲ. ಸೌಧದ ಒಳಭಾಗದ ಮಾರ್ಗದರ್ಶಿತ ವೀಕ್ಷಣೆಯೂ ಎಲ್ಲ ದಿನ ಇರುವುದಿಲ್ಲ, ಕಲಾಪಗಳಿದ್ದಾಗ ರದ್ದಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಕಲಾಪವನ್ನೇ ಆರಿಸಿ.

ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವ ಮೊದಲು ನ್ಯಾಯಾಲಯದ ಕಲಾಪ ಪಟ್ಟಿಯನ್ನು ನೋಡಿ ದಿನಾಂಕ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ತಂಡವಾಗಿ ಹೋಗುವ ಕಾನೂನು ಕಾಲೇಜುಗಳು ನ್ಯಾಯಾಲಯದ ಮಾಹಿತಿ ವಿಭಾಗಕ್ಕೆ ಮುಂಚಿತವಾಗಿ ಬರೆದರೆ ಅದರ ಕಾರ್ಯವಿಧಾನದ ಕುರಿತು ಉಪನ್ಯಾಸವನ್ನೂ ಕೋರಬಹುದು. ಗ್ರಂಥಾಲಯದ ಸೂಚಿಯನ್ನು ಊರಿನಲ್ಲಿದ್ದೇ ಅಂತರ್ಜಾಲದಲ್ಲಿ ಶೋಧಿಸಿ, ಬೇಕಾದ ಪುಸ್ತಕಗಳ ಪಟ್ಟಿ ಸಿದ್ಧಪಡಿಸಿಕೊಂಡು ಹೋದರೆ ಅಲ್ಲಿನ ಒಂದು ಗಂಟೆಯೂ ವ್ಯರ್ಥವಾಗದು. ಸಮಯ ಉಳಿದರೆ ಮರಳುದಿಬ್ಬಗಳ ಕಡೆಗಿರುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೂ ಹೋಗಿ ಬನ್ನಿ. ಆ ನ್ಯಾಯಾಲಯವನ್ನು ಸ್ಥಾಪಿಸಿದ ಒಪ್ಪಂದವಾದ ರೋಮ್ ಶಾಸನಕ್ಕೆ ಭಾರತ ಸಹಿ ಹಾಕಿಲ್ಲವಾದರೂ ಅಲ್ಲಿನ ಸಾರ್ವಜನಿಕ ಗ್ಯಾಲರಿ ನಮಗೂ ತೆರೆದಿದೆ.