ಸಣ್ಣ ಯೂನಿಟ್‌ಗೆ ಪೇರೋಲ್ ಸಾಫ್ಟ್‌ವೇರ್: ಪಿಎಫ್ ಲೆಕ್ಕ ಪಕ್ಕಾ, ಇಎಸ್‌ಐ ಮೇಲೆ ಒಂದು ಕಣ್ಣಿರಲಿ

ಪೀಣ್ಯದಲ್ಲಿ ನಮ್ಮದು ಪೌಡರ್ ಕೋಟಿಂಗ್ ಯೂನಿಟ್. ಹತ್ತು ಜನ ಆದಾಗಲೇ ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಬಂದಿತ್ತು, ಇಪ್ಪತ್ತು ಆದಾಗ ಪಿಎಫ್ ಕೂಡ ಸೇರಿತು. ಎಕ್ಸೆಲ್ ಸಾಕಾಗಲಿಲ್ಲ. ಆಗ ಈ ಸಾಫ್ಟ್‌ವೇರ್ ತೆಗೆದುಕೊಂಡೆವು, ಇವತ್ತಿಗೂ ಇದರಲ್ಲೇ ಸಂಬಳ ಹಾಕುತ್ತಿದ್ದೇವೆ.

ಮೊದಲು ಒಳ್ಳೆಯದು ಹೇಳುತ್ತೇನೆ. ಪಿಎಫ್ ಲೆಕ್ಕದಲ್ಲಿ ಇದು ಒಮ್ಮೆಯೂ ತಪ್ಪಿಲ್ಲ. ಬೇಸಿಕ್ 15,000 ಇರುವ ಒಬ್ಬರನ್ನೇ ತೆಗೆದುಕೊಳ್ಳಿ. ಅವರ ಸಂಬಳದಿಂದ 12%, ಅಂದರೆ 1,800 ಕಡಿತ. ನಮ್ಮ ಕಡೆಯಿಂದ ಇನ್ನೊಂದು 1,800. ಅದರಲ್ಲಿ 1,250 ಪಿಂಚಣಿಗೆ ಹೋಗುತ್ತದೆ, ಉಳಿದ 550 ಪಿಎಫ್ ಖಾತೆಗೆ. ಇದರ ಮೇಲೆ ವಿಮೆಗೆ 75, ಆಡಳಿತ ಶುಲ್ಕ ಅಂತ ಮತ್ತೆ 75. ಅಂದರೆ ಒಬ್ಬರಿಗೆ ನಮ್ಮ ಕೈಯಿಂದ 1,950 ಹೋಗುತ್ತದೆ. ಹೊಸಬರನ್ನು ಸೇರಿಸುವ ಮುಂಚೆಯೇ ಈ ಇಡೀ ಖರ್ಚು ಸ್ಕ್ರೀನ್ ಮೇಲೆ ಕಾಣುತ್ತದೆ. ನನ್ನ ಪ್ರಕಾರ ಇದೇ ಇದರ ದೊಡ್ಡ ಉಪಯೋಗ, ಯಾಕೆಂದರೆ ಸಣ್ಣ ಮಾಲೀಕರು ಸಂಬಳ ಮಾತಾಡುವಾಗ ಕೈಗೆ ಕೊಡುವ ದುಡ್ಡನ್ನಷ್ಟೇ ಲೆಕ್ಕ ಹಾಕುತ್ತಾರೆ, ಆಮೇಲೆ 15ನೇ ತಾರೀಕು ಬಂದಾಗ ಚಲನ್ ಕಟ್ಟಲು ಒದ್ದಾಡುತ್ತಾರೆ.

ತಾರೀಕುಗಳನ್ನೂ ಚೆನ್ನಾಗಿ ನೆನಪಿಸುತ್ತದೆ. ಟಿಡಿಎಸ್‌ಗೆ (ಸಂಬಳದಿಂದ ಹಿಡಿದ ಆದಾಯ ತೆರಿಗೆ) 7, ಪಿಎಫ್-ಇಎಸ್‌ಐಗೆ 15, ವೃತ್ತಿ ತೆರಿಗೆಗೆ 20. ಪಿಎಫ್ ತಡವಾದರೆ ವರ್ಷಕ್ಕೆ 12% ಬಡ್ಡಿ ಬೀಳುತ್ತದೆ, ದಂಡ ಬೇರೆ. ಬಡ್ಡಿ ಹೋಗಲಿ, ಕೆಲಸಗಾರರ ಸಂಬಳದಿಂದ ಹಿಡಿದ ದುಡ್ಡು ಅವರದ್ದು ಅಲ್ವಾ? ಅದನ್ನು ಪೌಡರ್ ಸಪ್ಲೈಯರ್ ಬಿಲ್‌ಗೆ ತಿರುಗಿಸುವುದು ತಪ್ಪು, ಎಷ್ಟೇ ಕಷ್ಟ ಇರಲಿ.

ವೃತ್ತಿ ತೆರಿಗೆಯ ಅಪ್‌ಡೇಟ್ ಸಮಯಕ್ಕೆ ಸರಿಯಾಗಿ ಬಂತು. ಕರ್ನಾಟಕದಲ್ಲಿ ಈಗ 25,000 ಮತ್ತು ಅದಕ್ಕಿಂತ ಮೇಲಿನ ಸಂಬಳಕ್ಕೆ ತಿಂಗಳಿಗೆ 200, ಫೆಬ್ರವರಿಯಲ್ಲಿ ಮಾತ್ರ 300. ನಾವೇನೂ ಮುಟ್ಟಬೇಕಾಗಲಿಲ್ಲ. 2025ರ ನವೆಂಬರ್ 21ಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾದ ಮೇಲೆ, ಯಾರ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿವೆ ಅಂತ ತೋರಿಸುವ ಒಂದು ಪಟ್ಟಿಯನ್ನೂ ಕೊಟ್ಟರು. ದಾಟಿದ ಭಾಗ ವೇತನಕ್ಕೇ ಸೇರುತ್ತದೆ, ಹಾಗಾಗಿ ಆ ಪಟ್ಟಿ ತುಂಬಾ ಕೆಲಸಕ್ಕೆ ಬಂತು.

ಇನ್ನು ತೊಂದರೆ. ಇಎಸ್‌ಐ ಮಿತಿ ತಿಂಗಳಿಗೆ 21,000 ಸಂಬಳ. ನಮ್ಮ ಒಬ್ಬ ಪೇಂಟರ್‌ಗೆ ಜುಲೈನಲ್ಲಿ ಸಂಬಳ 22,000ಕ್ಕೆ ಏರಿಸಿದೆವು. ಸಾಫ್ಟ್‌ವೇರ್ ಅದೇ ತಿಂಗಳು ಅವರ ಇಎಸ್‌ಐ ನಿಲ್ಲಿಸಿಬಿಟ್ಟಿತು! ನಿಯಮ ಹಾಗಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಮಧ್ಯದಲ್ಲಿ ಮಿತಿ ದಾಟಿದರೂ ಆ ಅವಧಿ ಮುಗಿಯುವವರೆಗೆ ಕಟ್ಟಲೇಬೇಕು, ಅದೂ ಪೂರ್ತಿ 22,000ದ ಮೇಲೆ: ಅವರಿಂದ 0.75%, ಅಂದರೆ 165, ನಮ್ಮಿಂದ 3.25%, ಅಂದರೆ 715. ಇದು ಸಣ್ಣ ವಿಷಯ ಅಲ್ಲ. ಏಪ್ರಿಲ್-ಸೆಪ್ಟೆಂಬರ್‌ನಲ್ಲಿ ಕಟ್ಟಿದ ದಿನಗಳ ಲೆಕ್ಕದ ಮೇಲೆಯೇ ಮುಂದಿನ ಜನವರಿಯಿಂದ ಜೂನ್‌ವರೆಗೆ ಕಾಯಿಲೆ ಬಿದ್ದರೆ ಭತ್ಯೆ ಸಿಗುವುದು. ನಮ್ಮ ಅಕೌಂಟ್ಸ್ ನೋಡುವ ಮೇಡಂ ಚಲನ್ ಕಟ್ಟುವ ಮುಂಚೆ ಹೆಸರು ಹೆಸರು ತಾಳೆ ನೋಡಿದ್ದಕ್ಕೆ ಸಿಕ್ಕಿತು. ಸಪೋರ್ಟ್‌ನವರು ಸುಮ್ನೆ ಟಿಕೆಟ್ ನಂಬರ್ ಕೊಡುತ್ತಾ ಹೋದರು, ಸರಿಯಾಗಿದ್ದು ಎಷ್ಟೋ ತಿಂಗಳ ಮೇಲೆ.

ಹೊಸಬರ ಹೆಸರು ಆಧಾರ್‌ನಲ್ಲಿ ಒಂದು ಥರ, ಯುಎಎನ್‌ನಲ್ಲಿ (ಪಿಎಫ್ ಸದಸ್ಯರ ನಂಬರ್) ಇನ್ನೊಂದು ಥರ ಇದ್ದರೆ ಇದು ಮೊದಲೇ ಎಚ್ಚರಿಸುವುದಿಲ್ಲ. ಫೈಲ್ ಪೋರ್ಟಲ್‌ಗೆ ಹಾಕಿದ ಮೇಲೆಯೇ ಗೊತ್ತಾಗುತ್ತದೆ. ಇನಿಷಿಯಲ್ ಹಿಂದೆ ಮುಂದೆ ಆಗುವುದು ನಮ್ಮ ಕಡೆ ಮಾಮೂಲು, ಅದಕ್ಕೇ ಕೆಲಸಕ್ಕೆ ಸೇರುವ ದಿನವೇ ಆಧಾರ್ ಎದುರಿಗಿಟ್ಟುಕೊಂಡು ನೋಡಿಬಿಡಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಹತ್ತು ಜನಕ್ಕಿಂತ ಕಡಿಮೆ ಇರುವ ಅಂಗಡಿಗೆ ಇಷ್ಟು ದುಡ್ಡು ಕೊಟ್ಟು ತೆಗೆದುಕೊಳ್ಳುವುದು ಬೇಡ. ಇಪ್ಪತ್ತರ ಆಸುಪಾಸು ಇದ್ದವರು ಧೈರ್ಯವಾಗಿ ತೆಗೆದುಕೊಳ್ಳಿ. ಕಂಪನಿಯವರಿಗೆ ಒಂದೇ ಕೋರಿಕೆ: ಪೇ ಸ್ಲಿಪ್ ಕನ್ನಡದಲ್ಲೂ ಕೊಡಿ. ಏನೇನು ಕಡಿತ ಆಯಿತು ಅಂತ ನಮ್ಮ ಹುಡುಗರು ತಾವೇ ಓದಿಕೊಳ್ಳುವ ಹಾಗಿರಬೇಕು.