ಕಿಚನ್ ಕೆಲಸ ಚೆಂದ, ಸಾಕೆಟ್ ಹಿಂದೆ ಮಾತ್ರ ಇದ್ದಿಲು

ದಾವಣಗೆರೆ ವಿದ್ಯಾನಗರದ ನಮ್ಮ ಮನೆಗೆ ಹೋದ ವರ್ಷ ಮಾಡ್ಯುಲರ್ ಕಿಚನ್ ಮಾಡಿಸಿದೆವು. ಊರಿನದೇ ಇಂಟೀರಿಯರ್ ಅಂಗಡಿ, ಹೆಸರು ಬೇಡ. ಮರದ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ. ಮೈಕಾ ಎಲ್ಲೂ ಎದ್ದಿಲ್ಲ, ಡ್ರಾಯರ್‌ಗಳು ಇವತ್ತಿಗೂ ಸದ್ದಿಲ್ಲದೆ ಮುಚ್ಚುತ್ತವೆ. 5ಕ್ಕೆ 4 ಕೊಡುತ್ತೇನೆ. ವೈರಿಂಗ್‌ಗೆ ಮಾತ್ರ ಸೊನ್ನೆ.

ಕಳೆದ ತಿಂಗಳು ಅಮ್ಮ ಇಂಡಕ್ಷನ್ ಒಲೆ ಮೇಲೆ ಹಾಲು ಇಟ್ಟಿದ್ದರು. ಸೀದ ವಾಸನೆ ಬಂತು. ಹಾಲು ಉಕ್ಕಿತೇನೋ ಅಂತ ಓಡಿದರೆ ಅದಿನ್ನೂ ಕಾದೇ ಇಲ್ಲ! ಪ್ಲಗ್ ಕೈ ಇಡಲಾಗದಷ್ಟು ಬಿಸಿ. ಮೇನ್ ಆಫ್ ಮಾಡಿ, ಪಕ್ಕದ ರಸ್ತೆಯ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ.

ಅವರು ಪ್ಲೇಟ್ ಬಿಚ್ಚಿದಾಗ ಎದೆ ಝಲ್ಲೆಂದಿತು. ಹಿಂದೆ ವೈರ್ ಜೋಡಣೆಯನ್ನು ಮುಚ್ಚಿಡುವ ಬಾಕ್ಸೇ ಇಲ್ಲ. ಪ್ಲೈವುಡ್‌ಗೆ ಚೌಕವಾಗಿ ತೂತು ಕೊರೆದು ಸಾಕೆಟ್ಟನ್ನು ಅದಕ್ಕೇ ಸ್ಕ್ರೂ ಹೊಡೆದಿದ್ದಾರೆ, ಕೊರೆದಾಗ ಬಿದ್ದ ಮರದ ಪುಡಿ ಕೂಡ ಹಾಗೇ ಇದೆ. ವೈರಿನ ಅರ್ಧ ಎಳೆಗಳು ಸ್ಕ್ರೂ ಒಳಗೆ, ಇನ್ನರ್ಧ ಹೊರಗೆ. ಅದರ ಪಕ್ಕದಲ್ಲೇ ಪ್ಲೈವುಡ್ ಅಂಚು ಒಂದು ರೂಪಾಯಿ ನಾಣ್ಯದಷ್ಟು ಇದ್ದಿಲಾಗಿತ್ತು. ಉಗುರಲ್ಲಿ ಕೆರೆದರೆ ಕಪ್ಪು ಪುಡಿ ಉದುರಿತು.

"ಎಂಸಿಬಿ ಯಾಕಣ್ಣ ಬೀಳಲಿಲ್ಲ?" ಅಂದೆ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿ ಹರಿದರೆ ತಾನೇ ಆಫ್ ಆಗುವ ಸ್ವಿಚ್.

"ಅದಕ್ಕೆ ಹೇಗೆ ಗೊತ್ತಾಗಬೇಕು ಸರ್? ಕರೆಂಟ್ ಜಾಸ್ತಿ ಹೋಗ್ತಿಲ್ಲ. ಲೂಸ್ ಇರೋ ಜಾಗ ಮಾತ್ರ ಕಾಯುತ್ತೆ."

ನಿಜ. 2000 ವ್ಯಾಟ್ ಒಲೆ ಎಳೆಯುವುದು ಸುಮಾರು 9 ಆಂಪ್, 16 ಆಂಪ್ ಎಂಸಿಬಿಗೆ ಅದು ಮಾಮೂಲಿ ಲೋಡು. ಸಾಕೆಟ್ ಕೂಡ ಒಳ್ಳೆಯದೇ, ಐಎಸ್‌ಐ ಗುರುತಿನ 16 ಆಂಪ್‌ದು. ಕೆಟ್ಟದ್ದು ಕೂರಿಸಿದ ರೀತಿ. ಗೋಡೆಯಲ್ಲಾದರೆ ಸುತ್ತ ಇಟ್ಟಿಗೆ, ಸಿಮೆಂಟ್ ಇರುತ್ತೆ. ಇಲ್ಲಿ ಸುತ್ತ ಇರುವುದೇ ಸೌದೆ ಅಲ್ವಾ?

ಎಲೆಕ್ಟ್ರಿಷಿಯನ್ ಅಣ್ಣ ಅರ್ಧ ದಿನ ಕೂತು ಸರಿ ಮಾಡಿದರು. ಕಪ್ಪಾದ ಪ್ಲೈವುಡ್ ಕತ್ತರಿಸಿ ತೆಗೆದು, ಮೆಟಲ್ ಬಾಕ್ಸ್ ಕೂರಿಸಿ, ಅದಕ್ಕೂ ಅರ್ತ್ ಕೊಟ್ಟು, 2.5 ಸ್ಕ್ವೇರ್ ಎಂಎಂ ಎಫ್‌ಆರ್ (ಬೇಗ ಬೆಂಕಿ ಹಿಡಿಯದ) ವೈರ್ ಎಳೆದು ಹೊಸ ಸಾಕೆಟ್ ಹಾಕಿದರು. ಪ್ರತಿ ಸ್ಕ್ರೂ ಬಿಗಿ ಮಾಡಿದ ಮೇಲೆ ವೈರ್ ಹಿಡಿದು ಎಳೆದು ನೋಡುತ್ತಿದ್ದರು, ನನಗೆ ಅದು ತುಂಬಾ ಹಿಡಿಸಿತು. ಟಿವಿ ಯೂನಿಟ್, ವಾರ್ಡ್‌ರೋಬ್ ಪಕ್ಕದ ಇಸ್ತ್ರಿ ಪೆಟ್ಟಿಗೆ ಪಾಯಿಂಟ್ ಕೂಡ ಬಿಚ್ಚಿಸಿದೆ. ಎರಡರಲ್ಲೂ ಬಾಕ್ಸ್ ಇರಲಿಲ್ಲ.

ಅಂಗಡಿಯವರಿಗೆ ಫೋನ್ ಮಾಡಿದರೆ, "ನಾವು ಎಲ್ಲರ ಮನೇಲೂ ಹೀಗೇ ಹಾಕೋದು ಸರ್" ಅಂದರು. ಅದಕ್ಕೇ ಇಷ್ಟು ಬರೆದೆ. ಮರದ ಯೂನಿಟ್ ಯಾರ ಹತ್ತಿರ ಮಾಡಿಸಿದ್ದರೂ ಸರಿ, ಈ ವಾರವೇ ಎಲೆಕ್ಟ್ರಿಷಿಯನ್ ಕರೆಸಿ, ಮೇನ್ ಆಫ್ ಮಾಡಿಸಿ, ಒಂದು ಪ್ಲೇಟ್ ಬಿಚ್ಚಿಸಿ ನೋಡಿ.